ಇಲಿಗೆ ಮರುಕಳಿಸದ ಮಲೇರಿಯಾ

ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವುದು ಪ್ಲಾಸ್ಮೋಡಿಯಂ ವೈವಾಕ್ಸ್ ಎಂಬ ರೋಗಾಣುವಿನಿಂದ ಬರುವ ವೈವಾಕ್ಸ್ ಮಲೇರಿಯಾ. ಅದಕ್ಕೆ ಡಾಕ್ಟರು ಸಾಮಾನ್ಯವಾಗಿ ಎರಡು ಮಾತ್ರೆ ಬರೆಯುತ್ತಾರೆ: ಕ್ಲೋರೋಕ್ವಿನ್ 3 ದಿನ, ಪ್ರಿಮಾಕ್ವಿನ್ 14 ದಿನ. ಮೊದಲನೆಯದು ರಕ್ತದಲ್ಲಿರುವ ರೋಗಾಣುವನ್ನು ಕೊಂದು ಜ್ವರ ಬಿಡಿಸುತ್ತದೆ. ಎರಡನೆಯದು ಲಿವರಿನಲ್ಲಿ ಸದ್ದಿಲ್ಲದೆ ಅಡಗಿ ಕುಳಿತ ರೂಪವನ್ನು ಕೊಲ್ಲಲಿಕ್ಕೆ. ಜ್ವರ ಬಿಟ್ಟ ಕೂಡಲೇ ಮಾತ್ರೆಯನ್ನೂ ಬಿಡುವವರುಂಟು. ಕಟ್ಟಡದ ಕೆಲಸಕ್ಕೆಂದು ಊರೂರು ತಿರುಗುವವರಿಗಂತೂ ಎರಡು ವಾರ ಲೆಕ್ಕವಿಟ್ಟು ನುಂಗುವುದು ಸುಲಭವಲ್ಲ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಲಿವರಿನ ರೋಗಾಣು ಎದ್ದು ರಕ್ತಕ್ಕೆ ಇಳಿಯುತ್ತದೆ. ಹೊಸದಾಗಿ ಸೊಳ್ಳೆ ಕಚ್ಚದೆಯೇ ಚಳಿಜ್ವರ ಮರಳುತ್ತದೆ.

ಇದನ್ನು ಬೇಗ, ಯಾರಿಗೂ ಅಪಾಯವಾಗದಂತೆ ತಡೆಯುವ ಔಷಧಿಯ ಹುಡುಕಾಟ ದಶಕಗಳಿಂದ ಕುಂಟುತ್ತಿದೆ. ಅದಕ್ಕೆ ದೊಡ್ಡ ಕಾರಣವೆಂದು ನನಗೆ ತೋರುವುದು ಒಂದೇ: ಔಷಧಿಯನ್ನು ಮನುಷ್ಯರಿಗೆ ಕೊಡುವ ಮೊದಲು ಪರೀಕ್ಷಿಸಿ ನೋಡಲು ತಕ್ಕ ರೋಗಮಾದರಿ ಸಿಗುವುದು ಕಷ್ಟ. ರೋಗಮಾದರಿಯೆಂದರೆ ಮನುಷ್ಯರ ಕಾಯಿಲೆಯನ್ನು ಆದಷ್ಟು ಹತ್ತಿರದಿಂದ ಹೋಲುವ ಕಾಯಿಲೆ ತಗುಲಿಸಿದ ಪ್ರಾಣಿ, ಇಲ್ಲವೇ ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶ.

ಮಲೇರಿಯಾದ ಮೊದಲ ಮಾದರಿಗಳು ಹಕ್ಕಿಗಳು. 1898ರಲ್ಲಿ ಕಲ್ಕತ್ತಾದಲ್ಲಿ ರೊನಾಲ್ಡ್ ರಾಸ್ ರೋಗಾಣುವಿನ ಪೂರ್ತಿ ಜೀವನಚಕ್ರವನ್ನು ಬಿಡಿಸಿದ್ದು ಹಕ್ಕಿಗಳ ಮಲೇರಿಯಾದಲ್ಲೇ. 1948ರಲ್ಲಿ ಕಾಂಗೋದ ಕಾಡಿನ ಇಲಿಗಳಲ್ಲಿ ಪ್ಲಾಸ್ಮೋಡಿಯಂ ಬರ್ಗೈ ಎಂಬ ಮಲೇರಿಯಾ ರೋಗಾಣು ಸಿಕ್ಕಿದ ಮೇಲೆ ಸಾಕಿದ ಇಲಿಯ ಮೇಲೆ ಔಷಧಿಗಳನ್ನು ಬೇಗಬೇಗನೆ ಪರೀಕ್ಷಿಸಬಹುದಾಯಿತು. ರಕ್ತದಲ್ಲಿರುವ ರೋಗಾಣುವಿನ ಮಟ್ಟಿಗೆ ಈ ಇಲಿ ಮಾಡಿಕೊಟ್ಟ ಕೆಲಸ ಬಹಳ ದೊಡ್ಡದು. ಆದರೆ ಬರ್ಗೈ ಲಿವರಿನಲ್ಲಿ ಮಲಗಿ ಕಾಯುವುದಿಲ್ಲ. ಆದ್ದರಿಂದ ಮರುಕಳಿಕೆಯ ಬಗ್ಗೆ ಇಲಿಯನ್ನು ಕೇಳಿ ಪ್ರಯೋಜನವಿಲ್ಲ.

ಇಲಿ ತಪ್ಪು ಉತ್ತರ ಕೊಟ್ಟದ್ದೂ ಇದೆ. ಮೆದುಳಿಗೇರಿದ ಮಲೇರಿಯಾದಲ್ಲಿ ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನನ್ನು ತಡೆದರೆ ಇಲಿ ಬದುಕುತ್ತದೆ ಎಂದು 1987ರಲ್ಲಿ ಗೊತ್ತಾಯಿತು. ಅದೇ ನಂಬಿಕೆಯಿಂದ ಗ್ಯಾಂಬಿಯಾದಲ್ಲಿ ಮಕ್ಕಳಿಗೆ ಟಿಎನ್‌ಎಫ್ ತಡೆಯುವ ಪ್ರತಿಕಾಯ ಕೊಟ್ಟು ನೋಡಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಮನಸ್ಸು ಕಲಕುವಂಥದ್ದು: ಜ್ವರ ಬೇಗ ಇಳಿಯಿತು, ಸಾವು ಕಡಿಮೆಯಾಗಲಿಲ್ಲ, ಬದುಕುಳಿದವರಲ್ಲಿ ನರಗಳ ತೊಂದರೆ ಹೆಚ್ಚೇ ಕಂಡಿತು. ಇಲಿಯ ಮೆದುಳಿನ ರಕ್ತನಾಳಗಳಲ್ಲಿ ಜಮೆಯಾಗುವುದು ಹೆಚ್ಚಾಗಿ ಬಿಳಿರಕ್ತಕಣ. ಮನುಷ್ಯರಲ್ಲಿ ರೋಗಾಣು ಹೊತ್ತ ಕೆಂಪುರಕ್ತಕಣ. ಮೇಲ್ನೋಟಕ್ಕೆ ಒಂದೇ ಕಾಯಿಲೆ, ಒಳಗೆ ನಡೆಯುವುದು ಬೇರೆ.

ಮರುಕಳಿಕೆಯ ಗುಟ್ಟು ಬಿಟ್ಟುಕೊಟ್ಟದ್ದು ಮಂಗ. ಏಷ್ಯಾದ ಮಂಗಗಳಿಗೆ ಬರುವ ಪ್ಲಾಸ್ಮೋಡಿಯಂ ಸೈನೋಮೋಲ್ಗಿ ವೈವಾಕ್ಸಿನ ಹತ್ತಿರದ ನೆಂಟ. ಸೊಳ್ಳೆ ಕಚ್ಚಿದ ಮೇಲೆ ರೋಗಾಣು ಮೊದಲು ಹೋಗುವುದು ಲಿವರಿಗೆ ಎಂಬುದನ್ನು ಶಾರ್ಟ್ ಮತ್ತು ಗಾರ್ನಮ್ ಎಂಬ ವಿಜ್ಞಾನಿಗಳು 1948ರಲ್ಲಿ ಈ ಮಾದರಿಯಲ್ಲೇ ಕಂಡರು. ಲಿವರಿನಲ್ಲಿ ಮಲಗಿರುವ ರೂಪ ಸೂಕ್ಷ್ಮದರ್ಶಕದಡಿ ಕಂಡದ್ದು 1980ರಲ್ಲಿ, ಅದೂ ಮಂಗದಲ್ಲೇ. ಮಂಗದ ಇನ್ನೊಂದು ಉಪಕಾರವನ್ನು ನಮ್ಮ ಊರಿನವರು ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲರು. ತಾರಸಿಯ ಟ್ಯಾಂಕಿನಲ್ಲಿ, ಸ್ಲ್ಯಾಬ್ ಕ್ಯೂರಿಂಗಿಗೆ ನಿಲ್ಲಿಸಿದ ನೀರಿನಲ್ಲಿ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಮೊಟ್ಟೆಯಿಡುವ ಊರಿನಲ್ಲಿ ಒಬ್ಬರಿಗೆ ಎರಡನೇ ಸಲ ಜ್ವರ ಬಂದರೆ, ಅದು ಹಳೆಯದು ಎದ್ದದ್ದೋ ಹೊಸದಾಗಿ ಸೊಳ್ಳೆ ಕಚ್ಚಿದ್ದೋ ಎಂದು ಹೇಳುವುದು ಕಷ್ಟ. ಸೊಳ್ಳೆ ಸುಳಿಯದ ಕೊಠಡಿಯಲ್ಲಿರುವ ಮಂಗಕ್ಕೆ ಕ್ಲೋರೋಕ್ವಿನ್ ಕೊಟ್ಟು ರಕ್ತ ಸ್ವಚ್ಛವಾದ ಮೇಲೂ ಮಲೇರಿಯಾ ಮರಳಿದರೆ, ಅದು ಲಿವರಿನಿಂದಲೇ ಬಂದದ್ದು. ಲಖನೌದ ಕೇಂದ್ರೀಯ ಔಷಧಿ ಸಂಶೋಧನಾ ಸಂಸ್ಥೆ ರೂಪಿಸಿದ ಬುಲಾಕ್ವಿನ್ ಕೂಡ ಮಂಗಗಳ ಈ ಮಾದರಿಯಲ್ಲಿ ಪರೀಕ್ಷೆಯಾದದ್ದು.

ಆದರೂ ಪ್ರಿಮಾಕ್ವಿನ್ನಿನ ಚರಿತ್ರೆಯಲ್ಲಿ ಮನುಷ್ಯರೇ ಪ್ರಯೋಗದ ಪ್ರಾಣಿಗಳಾದರು. ಅಮೆರಿಕದ ಸ್ಟೇಟ್‌ವಿಲ್ ಜೈಲಿನಲ್ಲಿ ಕೈದಿಗಳಿಗೆ ಬೇಕೆಂದೇ ಮಲೇರಿಯಾ ತಗುಲಿಸಿ ಈ ಗುಂಪಿನ ಔಷಧಿಗಳನ್ನು ಕೊಟ್ಟರು. ಕೆಲವರ ಕೆಂಪುರಕ್ತಕಣ ಒಡೆಯುವುದು ಕಂಡದ್ದು ಅಲ್ಲಿ. ಕಾರಣ ಅನುವಂಶೀಯವಾದ ಜಿ6ಪಿಡಿ ಕಿಣ್ವದ ಕೊರತೆ ಎಂದು 1956ರಲ್ಲಿ ತಿಳಿಯಿತು. ಪ್ರಯೋಗಾಲಯದ ಸಾಮಾನ್ಯ ಇಲಿಗೆ ಆ ಕೊರತೆ ಇಲ್ಲ. ಅದು ಎಚ್ಚರಿಸುವುದಾದರೂ ಹೇಗೆ? ಜೈಲಿನಲ್ಲಿದ್ದವರ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆಯೆಂಬ ಪ್ರಶ್ನೆ ನನ್ನನ್ನು ಈಗಲೂ ಬಿಡುವುದಿಲ್ಲ. 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟಾಫೆನೋಕ್ವಿನ್ ಒಂದೇ ಸಲ ನುಂಗಿದರೆ ಸಾಕು. ಅದಕ್ಕೂ ಈ ಕೊರತೆಯದ್ದೇ ಅಡ್ಡಿ. ಜಿ6ಪಿಡಿ ಪರೀಕ್ಷೆ ಮಾಡಿಸದೆ ಅದನ್ನು ಕೊಡುವಂತಿಲ್ಲ. ಈಗ ಆ ಕೊರತೆಯಿರುವ ಮನುಷ್ಯರ ರಕ್ತವನ್ನು ವಿಶೇಷ ತಳಿಯ ಇಲಿಗಳಿಗೆ ಕೊಟ್ಟು, ಹೊಸ ಔಷಧಿ ರಕ್ತಕಣ ಒಡೆಯುತ್ತದೆಯೇ ಎಂದು ಮೊದಲೇ ನೋಡಬಹುದು.

ಇಲಿಯ ಲಿವರನ್ನೇ ಬದಲಿಸುವುದೂ ಸಾಧ್ಯವಾಗಿದೆ. ತನ್ನ ಲಿವರ್ ಕೋಶಗಳು ಸಾಯುವಂತೆ ಜೀನ್ ಮಾರ್ಪಡಿಸಿದ ಇಲಿಯಲ್ಲಿ ಮನುಷ್ಯರ ಲಿವರ್ ಕೋಶಗಳು ಬೇರೂರುತ್ತವೆ. ಇಂಥ ಇಲಿಯಲ್ಲಿ ವೈವಾಕ್ಸ್ ಮಲಗಿ ಏಳುವುದನ್ನು 2015ರಲ್ಲಿ ತೋರಿಸಿದರು. ಪ್ರಾಣಿಯೇ ಇಲ್ಲದೆ, ಸಣ್ಣ ಗುಳಿಗಳ ತಟ್ಟೆಯಲ್ಲಿ ಬೆಳೆಸಿದ ಲಿವರ್ ಕೋಶಗಳ ಮೇಲೂ ನೂರಾರು ರಾಸಾಯನಿಕಗಳನ್ನು ಒಟ್ಟಿಗೆ ಪರೀಕ್ಷಿಸುತ್ತಿದ್ದಾರೆ.

ಈ ಎರಡಕ್ಕೂ ಬೇಕಾದದ್ದು ಜೀವಂತ ವೈವಾಕ್ಸ್. ಅದು ಎಳೆಯ ಕೆಂಪುರಕ್ತಕಣಗಳನ್ನಷ್ಟೇ ಹೊಗುವುದರಿಂದ ಪ್ರಯೋಗಾಲಯದಲ್ಲಿ ಅದನ್ನು ಸಾಕಿಕೊಂಡು ಹೋಗಲು ಆಗುತ್ತಿಲ್ಲ. ರೋಗಿಯ ಒಪ್ಪಿಗೆ ಪಡೆದು ತೆಗೆದ ತಾಜಾ ರಕ್ತವನ್ನು ಸೊಳ್ಳೆಗಳಿಗೆ ಕುಡಿಸಿ, ಸುಮಾರು ಎರಡು ವಾರ ಕಾದು, ಅವುಗಳ ಜೊಲ್ಲುಗ್ರಂಥಿಯಿಂದ ರೋಗಾಣುವನ್ನು ತೆಗೆಯಬೇಕು. ಹಾಗಾಗಿ ಥಾಯ್ಲೆಂಡ್, ಕಾಂಬೋಡಿಯಾಗಳಂಥ ಕಡೆ, ರೋಗಿಗಳು ಸಿಗುವಲ್ಲೇ ಇಂಥ ಕೆಲಸ ನಡೆದಿದೆ. ವೈವಾಕ್ಸ್ ಎಲ್ಲೆಡೆ ಒಂದೇ ರೀತಿ ವರ್ತಿಸುವುದಿಲ್ಲ. ಕೆಲವು ಪ್ರದೇಶಗಳಲ್ಲಿ ಮೂರು ವಾರಕ್ಕೇ ಮರುಕಳಿಸುತ್ತದೆ, ಕೆಲವೆಡೆ ಎಂಟೊಂಬತ್ತು ತಿಂಗಳು ಕಾಯುತ್ತದೆ. ಭಾರತದಲ್ಲಿ ಎರಡೂ ಬಗೆ ಕಂಡಿವೆ. ಬೇರೆಡೆಯ ರೋಗಾಣುವಿನ ಮೇಲೆ ಗೆದ್ದ ಔಷಧಿಯನ್ನು ಇಲ್ಲಿಯ ರೋಗಾಣುವಿನ ಮೇಲೂ ಪರೀಕ್ಷಿಸಲೇಬೇಕು. ಮಂಗಳೂರು, ಮಣಿಪಾಲಗಳ ಆಸ್ಪತ್ರೆಗಳಿಗೆ ಈ ಕಾಯಿಲೆಯ ಪರಿಚಯ ಹಳೆಯದು. ಪ್ರಕರಣಗಳು ಕಡಿಮೆಯಾಗುತ್ತಿರುವಾಗಲೇ, ಸೊಳ್ಳೆ ಸಾಕುವ ಭದ್ರ ಕೊಠಡಿಯೂ ಲಿವರ್ ಕೋಶಗಳ ಪ್ರಯೋಗಾಲಯವೂ ಅವುಗಳ ಪಕ್ಕದಲ್ಲಿ ಇರಬೇಕೆಂದು ನಾನು ಬಯಸುತ್ತೇನೆ.