ಶಿಶಿಕ್ಷು ಅಂದರೆ ಯಾರು?

ಬಸ್ ನಿಗಮದ ಜಾಹೀರಾತಿನಲ್ಲಿ 'ಶಿಶಿಕ್ಷು ತರಬೇತಿಗೆ ಅರ್ಜಿ' ಅಂತ ಮೊದಲ ಸಲ ಓದಿದಾಗ ಅಚ್ಚಿನ ತಪ್ಪು ಅಂದುಕೊಂಡಿದ್ದೆ. ಶಿಶುವಿಗೂ ಇದಕ್ಕೂ ಸಂಬಂಧವೇ ಇಲ್ಲ. ಮೋಕ್ಷ ಬೇಕು ಅನ್ನುವವರು ಮುಮುಕ್ಷು, ಕಲಿಯಬೇಕು ಅನ್ನುವವರು ಶಿಶಿಕ್ಷು. ಮೊದಲ ಅಕ್ಷರ ಎರಡು ಸಲ ಬಂದು 'ಬೇಕು' ಅನ್ನುವ ಅರ್ಥ ಸೇರುವುದು ಸಂಸ್ಕೃತದ ರೂಢಿ. ಬಾಯಿಮಾತಿನಲ್ಲಿ ಎಲ್ಲರಿಗೂ ಇದು ಅಪ್ರೆಂಟಿಸ್. ನಾನೂ ಹಾಗೇ ಬರೆಯುತ್ತೇನೆ, ನಾಲಿಗೆಗೆ ಸುಲಭ.

ಅಪ್ರೆಂಟಿಸ್ ಪೂರ್ತಿ ನೌಕರನಲ್ಲ, ಸುಮ್ನೆ ನೋಡಿಕೊಂಡು ಹೋಗುವ ವಿದ್ಯಾರ್ಥಿಯೂ ಅಲ್ಲ. ಒಪ್ಪಂದ ಮಾಡಿಕೊಂಡು, ತಿಂಗಳಿಗೆ ಸ್ಟೈಪೆಂಡ್ ತೆಗೆದುಕೊಂಡು, ಕೆಲಸದ ಜಾಗದಲ್ಲೇ ಕೆಲಸ ಕಲಿಯುವವರು. ಇದಕ್ಕೆ 1961ರ ಕಾಯ್ದೆ ಇದೆ. 30 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನ ಇದ್ದರೆ ಅದು ಮಾಲೀಕರ ಇಷ್ಟ. ಕೊಡಗಿನ ಹೋಂಸ್ಟೇ, ಜೇನು–ಮಸಾಲೆ ಅಂಗಡಿ, ಸಣ್ಣ ಕಾಫಿ ವ್ಯಾಪಾರದವರು ಕಡ್ಡಾಯದ ಗುಂಪಿಗೆ ಬರುವುದು ಅಪರೂಪ. ಅದಕ್ಕೇ 'ಇದು ನಮಗಲ್ಲ' ಅಂತ ಬಿಟ್ಟುಬಿಡುತ್ತಾರೆ. ಆದರೆ ಸ್ಟೈಪೆಂಡ್‌ನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರ ಭರಿಸುವ ಯೋಜನೆ 2016ರಲ್ಲೇ ಶುರುವಾಯಿತು.

ಅಪ್ರೆಂಟಿಸ್ ಅಂದ ಕೂಡಲೇ ಲೇತ್ ಮೆಷಿನ್, ವೆಲ್ಡಿಂಗ್ ಕಣ್ಣಮುಂದೆ ಬರುತ್ತದೆ, ಅಲ್ವಾ? ಆದರೆ ಐಟಿ ಭದ್ರತೆಯೂ, ಅಂದರೆ ಕಂಪ್ಯೂಟರ್, ಫೋನ್, ಅದರಲ್ಲಿರುವ ಮಾಹಿತಿಯನ್ನು ಕಾಯುವುದೂ, ಕೈಕೆಲಸವೇ ಅನ್ನುವುದು ನನ್ನ ಅನಿಸಿಕೆ. ಜರ್ಮನಿಯಲ್ಲಿ ಕಂಪ್ಯೂಟರ್ ಕೆಲಸ ಕಲಿಯುವವರು ಸಾಮಾನ್ಯವಾಗಿ ಮೂರು ವರ್ಷ ಕಂಪನಿಗೂ ಶಾಲೆಗೂ ಓಡಾಡುತ್ತಾರೆ. 2020ರಲ್ಲಿ ಅಲ್ಲಿ ಈ ಪಠ್ಯ ಬದಲಾದಾಗ ಭದ್ರತೆಗೆ ಜಾಸ್ತಿ ಜಾಗ ಸಿಕ್ಕಿತು. ನಮ್ಮಲ್ಲಿ ಐಟಿಐಯ ಕೋಪಾ (ಕಂಪ್ಯೂಟರ್ ಆಪರೇಟರ್ ಮತ್ತು ಪ್ರೋಗ್ರಾಮಿಂಗ್ ಅಸಿಸ್ಟೆಂಟ್) ಕೋರ್ಸ್ ಒಂದು ವರ್ಷದ್ದು. ಅದರಲ್ಲಿ ಸೈಬರ್ ಭದ್ರತೆಯ ಪಾಠ ಇದೆ, ಆದರೆ ಪಾಠದಲ್ಲಿ ಗಿರಾಕಿ ಫೋನ್ ಮಾಡುವುದಿಲ್ಲ.

ಮಡಿಕೇರಿ ಹತ್ತಿರ ನನ್ನ ದೂರದ ಸಂಬಂಧಿಯ ಹೋಂಸ್ಟೇ ಇದೆ. ನಾವೆಲ್ಲ ಅವರನ್ನು ಅಕ್ಕ ಅಂತಲೇ ಕರೆಯುವುದು. ಕೋಪಾ ಮುಗಿಸಿದ ಹುಡುಗಿಯೊಬ್ಬಳು ಅಲ್ಲಿ ಕಲಿಯಲು ಸೇರಿದ್ದಳು. ಒಂದು ಬೆಳಿಗ್ಗೆ ಫೋನ್ ಬಂತು. ನಾಲ್ಕು ರೂಮು, ಎರಡು ರಾತ್ರಿ, ಚೌಕಾಸಿಯೇ ಇಲ್ಲ. (ಅನುಮಾನಪಡೋಕೆ ಅಷ್ಟೇ ಸಾಕಿತ್ತು.) ಹಿಂದೆಯೇ ವಾಟ್ಸಾಪ್‌ಗೆ ಒಂದು ಕ್ಯೂಆರ್ ಕೋಡ್: 'ಸ್ಕ್ಯಾನ್ ಮಾಡಿ ಪಿನ್ ಹಾಕಿ, ಅಡ್ವಾನ್ಸ್ ನಿಮ್ಮ ಖಾತೆಗೆ ಬರುತ್ತೆ.' ಅಕ್ಕ ಇನ್ನೊಂದು ಫೋನ್‌ನಲ್ಲಿ ಸ್ಕ್ಯಾನ್ ಮಾಡಿಯೇಬಿಟ್ಟರು. ಮೂರು ಅಂಕಿ ಒತ್ತಿಯೂ ಆಗಿತ್ತು.

"ಅಕ್ಕಾ, ದುಡ್ಡು ಬರೋದಕ್ಕೆ ಪಿನ್ ಯಾಕೆ?"

ಅಕ್ಕನ ಬೆರಳು ಅಲ್ಲೇ ನಿಂತಿತು. ಯುಪಿಐ ಪಿನ್ ಬೇಕಾಗುವುದು ಹಣ ಕಳಿಸೋಕೆ, ಬ್ಯಾಲೆನ್ಸ್ ನೋಡೋಕೆ. ಪಡೆಯೋಕೆ ಬೇಡವೇ ಬೇಡ. ಹುಡುಗಿ ಅದನ್ನು ಪುಸ್ತಕದಲ್ಲಿ ಓದಿದ್ದಳಂತೆ. ಅವತ್ತೇ ಒಂದು ರಟ್ಟಿನ ಮೇಲೆ ಆ ಮಾತನ್ನೂ, ಹಣ ಹೋದರೆ ಕೂಡಲೇ ಕರೆಮಾಡಬೇಕಾದ 1930 ನಂಬರನ್ನೂ ಬರೆದು ಟೇಬಲ್ ಮೇಲಿನ ಗೋಡೆಗೆ ಅಂಟಿಸಿದಳು.

ಆಮೇಲೆ ಅವಳ ಕಣ್ಣು ಬಿದ್ದಿದ್ದು ಅತಿಥಿಗಳ ಆಧಾರ್ ಫೋಟೋಗಳ ಮೇಲೆ. ಅಕ್ಕನ ಫೋನು, ಅಕ್ಕನ ಮಗನ ಫೋನು, ಅಡುಗೆಯವರ ಫೋನಿನಲ್ಲೂ ಅವೇ. ಎಲ್ಲವನ್ನೂ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಇರುವ ಒಂದೇ ಕಡೆ ಇಟ್ಟು, ಫೋನ್‌ಗಳಿಂದ ಅಳಿಸಿದಳು. ಲೆಕ್ಕದ ಕಡತಗಳಿಗೆ ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಲ್ಲಿ. ಇದು ಬ್ಯಾಕಪ್‌ನ ಹಳೆಯ ನಿಯಮ. 'ಬೇರೆ ಊರು ಯಾಕೆ' ಅಂತ ಅಕ್ಕ ಕೇಳಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಿದ್ದನ್ನು ನೋಡಿದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಒಂದು ಹಾರ್ಡ್ ಡಿಸ್ಕ್ ಮೈಸೂರಿನ ತಂಗಿ ಮನೆಗೆ ಹೋಯಿತು.

ಕೆಲವು ಮಾಲೀಕರಿಗೆ ಅಪ್ರೆಂಟಿಸ್ ಅಂದರೆ ಟೀ ತರುವವರು. ಇನ್ನು ಕೆಲವರು ಬಂದ ದಿನವೇ ಇಮೇಲ್, ಬ್ಯಾಂಕ್, ಬುಕಿಂಗ್ ಎಲ್ಲದರ ಪಾಸ್‌ವರ್ಡ್ ಕೊಟ್ಟುಬಿಡುತ್ತಾರೆ. ಎರಡೂ ತಪ್ಪೇ, ಎರಡನೆಯದು ಜಾಸ್ತಿ ಅಪಾಯ. ಕಲಿಯುವವರಿಗೆ ಅವರದೇ ಲಾಗಿನ್ ಇರಬೇಕು, ಅವರ ಕೆಲಸಕ್ಕೆ ಬೇಕಾದಷ್ಟೇ ತೆರೆಯಬೇಕು.

ಒಪ್ಪಂದ ಮುಗಿದ ದಿನ ಹುಡುಗಿ ಅಕ್ಕನನ್ನು ಕಂಪ್ಯೂಟರ್ ಮುಂದೆ ಕೂರಿಸಿ, ತನ್ನ ಲಾಗಿನ್ ಅನ್ನು ಅವರ ಕೈಯಿಂದಲೇ ತೆಗೆಸಿದಳು. ಅಕ್ಕನಿಗೆ ಸ್ವಲ್ಪ ಬೇಜಾರಾಯಿತು. ಆಮೇಲೆ ವೈಫೈಗೆ ಹೊಸ ಪಾಸ್‌ವರ್ಡ್ ಹಾಕಲು ಹೇಳಿ, ಅದು ತನಗೆ ಕಾಣಬಾರದು ಅಂತ ಜಗಲಿಗೆ ಹೋಗಿ ಮಳೆ ನೋಡುತ್ತಾ ನಿಂತಳು.