ಪರದೆಯ ಆಚೆ ಕುಳಿತವರು: ಆನ್‌ಲೈನ್ ಕಲಿಕೆಯ ಸಂಶೋಧನೆ ನಡೆದು ಬಂದ ದಾರಿ

ಉನ್ನತ ಶಿಕ್ಷಣದಲ್ಲಿ ಡಿಜಿಟಲ್ ತಂತ್ರಜ್ಞಾನ ಎಂಬ ವಿಷಯದ ಮೇಲೆ ನಡೆಯುವ ವಿಚಾರ ಸಂಕಿರಣಗಳಲ್ಲಿ ಮೂರು ಬಗೆಯ ಮಾತುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ತರಗತಿಯಲ್ಲಿ ಕಲಿತರೂ ಪರದೆಯ ಮುಂದೆ ಕಲಿತರೂ ಫಲಿತಾಂಶ ಒಂದೇ ಎನ್ನುವುದು ಮೊದಲನೆಯದು. ಪರದೆಯ ಮುಂದೆ ಕಲಿತವರು ಹಿಂದೆ ಬೀಳುತ್ತಾರೆ ಎನ್ನುವುದು ಎರಡನೆಯದು. ಎರಡನ್ನೂ ಬೆರೆಸಿ ಕಲಿಸಿದರೆ ಎಲ್ಲಕ್ಕಿಂತ ಉತ್ತಮ ಎನ್ನುವುದು ಮೂರನೆಯದು. ಮೂರಕ್ಕೂ ಸಂಶೋಧನೆಯ ಆಧಾರವಿದೆ, ಮೂರೂ ಆಧಾರಗಳು ನಿಜವಾದವೇ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಪದವಿ ಕಾಲೇಜುಗಳಲ್ಲಿ ಪಾಠ ಮಾಡುವ ನನ್ನಂಥವರು ಇವುಗಳಲ್ಲಿ ಯಾವುದನ್ನು ನಂಬಬೇಕು ಎಂದು ತಿಳಿಯಬೇಕಾದರೆ, ಈ ಮೂರು ಮಾತುಗಳು ಎಲ್ಲಿ, ಯಾರನ್ನು ನೋಡಿ ಹುಟ್ಟಿದವು ಎಂಬುದನ್ನು ಹಿಂದಿನಿಂದ ನೋಡಿಕೊಂಡು ಬರಬೇಕಾಗುತ್ತದೆ.

ದೂರದಿಂದ ಪಾಠ ಕೇಳುವುದು ಈ ಭಾಗಕ್ಕೆ ಹೊಸದಲ್ಲ. ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ 1950ರಲ್ಲಿಯೇ ಆರಂಭವಾಗಿತ್ತು. 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನ ತಲುಪಿಸುವ ಪ್ರಯೋಗ ಆರು ರಾಜ್ಯಗಳಲ್ಲಿ ನಡೆದಾಗ, ಕರ್ನಾಟಕದಿಂದ ಆಯ್ಕೆಯಾದದ್ದು ನಮ್ಮ ನೆರೆಯ ವಿಜಯಪುರ, ರಾಯಚೂರು, ಕಲಬುರಗಿ ಜಿಲ್ಲೆಗಳ ಹಳ್ಳಿಗಳು. 1984ರ ಆಗಸ್ಟ್ 15ರಂದು ವಿಶ್ವವಿದ್ಯಾಲಯ ಅನುದಾನ ಆಯೋಗವು ಇನ್ಸಾಟ್-1ಬಿ ಉಪಗ್ರಹದ ನೆರವಿನಿಂದ ಕಾಲೇಜು ವಿದ್ಯಾರ್ಥಿಗಳಿಗಾಗಿ ದೇಶವ್ಯಾಪಿ ತರಗತಿಯನ್ನು ದೂರದರ್ಶನದಲ್ಲಿ ಆರಂಭಿಸಿತು. ಕಾರ್ಯಕ್ರಮಗಳು ಶ್ರದ್ಧೆಯಿಂದ ತಯಾರಾದವು, ಆದರೆ ಇಂಗ್ಲಿಷಿನಲ್ಲಿದ್ದವು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗನಿಗೆ ಚಿತ್ರ ಕಾಣುತ್ತಿತ್ತು, ಮಾತು ಹತ್ತುತ್ತಿರಲಿಲ್ಲ. ಅಂದು ಎದ್ದ ಭಾಷೆಯ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ.

ಇದೇ ಕಾಲದಲ್ಲಿ ಅಮೆರಿಕದ ಶಿಕ್ಷಣ ತಜ್ಞ ರಿಚರ್ಡ್ ಕ್ಲಾರ್ಕ್ 1983ರಲ್ಲಿ ಒಂದು ವಾದ ಮಂಡಿಸಿದರು. ರೇಡಿಯೊ, ಟಿ.ವಿ.ಯಂಥ ಮಾಧ್ಯಮವೆಂಬುದು ಪಾಠವನ್ನು ಹೊತ್ತು ತರುವ ಗಾಡಿ ಮಾತ್ರ, ದಿನಸಿ ತರುವ ಲಾರಿಯಿಂದ ನಮ್ಮ ಪೌಷ್ಟಿಕತೆ ಹೆಚ್ಚುವುದಿಲ್ಲವಾದಂತೆ ಮಾಧ್ಯಮದಿಂದಲೇ ಕಲಿಕೆ ಹೆಚ್ಚುವುದಿಲ್ಲ ಎಂಬುದು ಅದರ ಸಾರ. 1999ರಲ್ಲಿ ಥಾಮಸ್ ರಸೆಲ್ ಅವರು 355 ಅಧ್ಯಯನಗಳನ್ನು ಒಟ್ಟುಗೂಡಿಸಿ, ತರಗತಿಗೂ ದೂರಶಿಕ್ಷಣಕ್ಕೂ ಗಮನಾರ್ಹ ವ್ಯತ್ಯಾಸ ಕಾಣುವುದಿಲ್ಲ ಎಂದು ತೋರಿಸಿದರು. ಮೊದಲನೆಯ ಮಾತಿನ ಬೇರು ಇಲ್ಲಿದೆ. ಇಂಥ ಬಹುತೇಕ ಹೋಲಿಕೆಗಳು ಇಡೀ ತರಗತಿಯ ಸರಾಸರಿಯನ್ನು ಲೆಕ್ಕಕ್ಕೆ ತೆಗೆದುಕೊಂಡವು. ಜಾಣರ ಅಂಕ ಏರಿ ಹಿಂದುಳಿದವರ ಅಂಕ ಇಳಿದರೂ ಸರಾಸರಿ ಇದ್ದಲ್ಲಿಯೇ ಇರುತ್ತದೆ ಎಂಬ ಸರಳ ಸಂಗತಿ ಬಹಳ ಕಾಲ ಯಾರ ಗಮನವನ್ನೂ ಅಷ್ಟಾಗಿ ಸೆಳೆಯಲಿಲ್ಲ.

2004ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಅದರ ಪ್ರಾಯೋಗಿಕ ಹಂತಕ್ಕೆ ಆಯ್ಕೆಯಾದ ಸಂಸ್ಥೆಗಳಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಆಗ ಹುಬ್ಬಳ್ಳಿ-ಧಾರವಾಡದ ಇಂಜಿನಿಯರಿಂಗ್ ಕಾಲೇಜುಗಳೂ ಆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. 2003ರಲ್ಲಿ ಏಳು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಕಟ್ಟಲು ತೊಡಗಿದ ಎನ್‌ಪಿಟಿಇಎಲ್ ಎಂಬ ಯೋಜನೆಯ ವಿಡಿಯೊ ಪಾಠಗಳು ಮುಂದೆ ಯಾರು ಬೇಕಾದರೂ ನೋಡಬಹುದಾದವಾದವು. 2017ರಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ವೇದಿಕೆ ‘ಸ್ವಯಂ’ ಬಂತು. ಅದರ ಕೋರ್ಸುಗಳಿಂದ ಪದವಿಯ ಶೇ 20ರಷ್ಟು ಕ್ರೆಡಿಟ್ ಪಡೆಯಬಹುದೆಂಬ ನಿಯಮ 2016ರಲ್ಲಿಯೇ ಆಗಿತ್ತು, 2021ರಲ್ಲಿ ಮಿತಿ ಶೇ 40ಕ್ಕೆ ಏರಿತು. ಧಾರವಾಡಕ್ಕೆ 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಬಂದವು. 2016ರ ಕೊನೆಗೆ ಅಗ್ಗದ 4ಜಿ ಡೇಟಾ ಹಳ್ಳಿಯ ಹುಡುಗರ ಕೈಗೂ ಬಂತು. ಇಷ್ಟೆಲ್ಲ ಒದಗಿದ ಮೇಲೆ ಇನ್ನೇನು ಕೊರತೆ ಎಂದು ಅನ್ನಿಸುವಂತಿತ್ತು.

ಅಷ್ಟರಲ್ಲಿ ಸಂಶೋಧನೆ ಮಾತ್ರ ಬೇರೆ ದಿಕ್ಕಿಗೆ ಹೊರಳಿತ್ತು. 2010ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಪ್ರಕಟಿಸಿದ ವಿಶ್ಲೇಷಣೆ ಮಿಶ್ರ ಬೋಧನೆಯ ಪರವಾಗಿತ್ತು, ಮೂರನೆಯ ಮಾತಿನ ಮೂಲ ಅದೇ. ಆದರೆ ಮಿಶ್ರ ಬೋಧನೆ ಪಡೆದವರಿಗೆ ಅನೇಕ ಕಡೆ ಹೆಚ್ಚಿನ ಸಮಯ ಮತ್ತು ಹೆಚ್ಚಿನ ಸಾಮಗ್ರಿಯೂ ದೊರೆತಿದ್ದರಿಂದ, ಲಾಭ ಮಾಧ್ಯಮದ್ದೆಂದು ತಿಳಿಯಬಾರದು ಎಂದು ಅದೇ ವರದಿ ಎಚ್ಚರಿಸಿತ್ತು. ವರದಿಯನ್ನು ಉಲ್ಲೇಖಿಸುವಾಗ ನಾವು ಈ ಎಚ್ಚರಿಕೆಯನ್ನು ಬಿಟ್ಟುಬಿಡುತ್ತೇವೆ. ಎರಡನೆಯ ಮಾತಿಗೆ ಗಟ್ಟಿ ಆಧಾರ ದೊರೆತದ್ದು 2014ರಲ್ಲಿ ಡಿ ಷು ಮತ್ತು ಶಾನಾ ಜಾಗರ್ಸ್ ಪ್ರಕಟಿಸಿದ ಅಧ್ಯಯನದಿಂದ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಮುದಾಯ ಕಾಲೇಜುಗಳ, ಅಂದರೆ ಹೆಚ್ಚಾಗಿ ಎರಡು ವರ್ಷದ ಓದಿನ ಸ್ಥಳೀಯ ಕಾಲೇಜುಗಳ, 40,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ತೆಗೆದುಕೊಂಡ ಸುಮಾರು 5 ಲಕ್ಷ ಕೋರ್ಸುಗಳನ್ನು ಅವರು ಪರಿಶೀಲಿಸಿದರು. ಆನ್‌ಲೈನ್ ಕೋರ್ಸುಗಳಲ್ಲಿ ಎಲ್ಲ ಗುಂಪುಗಳ ಸಾಧನೆಯೂ ಕುಗ್ಗಿತ್ತು, ಆದರೆ ಮೊದಲೇ ಕಡಿಮೆ ಅಂಕವಿದ್ದವರು, ಕಿರಿಯರು, ಹುಡುಗರು, ಕಪ್ಪು ಜನಾಂಗದವರು ಉಳಿದವರಿಗಿಂತ ಹೆಚ್ಚು ಸೋತಿದ್ದರು. 2019ರಲ್ಲಿ ಎಂಐಟಿ ಮತ್ತು ಹಾರ್ವರ್ಡ್‌ನ, ಯಾರು ಬೇಕಾದರೂ ಸೇರಬಹುದಾದ ಬೃಹತ್ ಮುಕ್ತ ಆನ್‌ಲೈನ್ ಕೋರ್ಸುಗಳ ದತ್ತಾಂಶ ನೋಡಿದವರಿಗೆ, 2017-18ರಲ್ಲಿ ಸೇರಿದವರ ಪೈಕಿ ಮುಗಿಸಿದವರು ಶೇ 3ರ ಆಸುಪಾಸಿನಲ್ಲಿರುವುದು ಕಂಡಿತು. ಯಾವ ಮಾಧ್ಯಮ ಮೇಲು ಎಂಬ ಪ್ರಶ್ನೆ ಹಿಂದೆ ಸರಿದು, ಯಾರಿಗೆ ಮೇಲು ಎಂಬ ಪ್ರಶ್ನೆ ಮುಂದೆ ಬಂದದ್ದು ಹೀಗೆ. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತ್ಯಂತ ಮಹತ್ವದ ತಿರುವು ಇದು, ನಮ್ಮ ಭಾಗದ ಚರ್ಚೆಗಳಿಗೆ ಇನ್ನೂ ಪೂರ್ತಿ ಬಂದು ತಲುಪದಿರುವುದೂ ಇದೇ.

2020ರ ಮಾರ್ಚ್‌ನಲ್ಲಿ ಕಾಲೇಜುಗಳು ಮುಚ್ಚಿದವು, ನವೆಂಬರ್ 17ರವರೆಗೆ ತೆರೆಯಲಿಲ್ಲ. ಆ ತಿಂಗಳುಗಳನ್ನು ನಾನು ಗದಗ ಜಿಲ್ಲೆಯ ಒಂದು ಪದವಿ ಕಾಲೇಜಿನ ಅಧ್ಯಾಪಕನಾಗಿ ಕಂಡವನು. ಬೆಳಿಗ್ಗೆ ಹತ್ತಕ್ಕೆ ಗೂಗಲ್ ಮೀಟ್ ಲಿಂಕ್ ಕಳಿಸಿ ಕಾಯುವುದು, ಹೆಸರುಗಳು ಒಂದೊಂದಾಗಿ ಕಾಣಿಸಿಕೊಂಡು ಮತ್ತೆ ಮಾಯವಾಗುವುದು, ನಡುವೆ ಯಾರೋ ಮೈಕ್ ತೆರೆದು “ಸರ, ನಿಮ್ಮ ದನಿ ಕಡದ ಕಡದ ಬರಾಕತ್ತೈತ್ರಿ” ಎನ್ನುವುದು ದಿನದ ಪದ್ಧತಿಯಾಯಿತು. ಕಪ್ಪತಗುಡ್ಡದ ಮಗ್ಗುಲಿನ ಹಳ್ಳಿಯ ಒಬ್ಬ ವಿದ್ಯಾರ್ಥಿ ನೆಟ್‌ವರ್ಕ್ ಸಿಗುವ ದಿಬ್ಬದ ಮೇಲೆ ಕುಳಿತು ಕೇಳುತ್ತಿದ್ದ, ಮಳೆ ಬಂದ ದಿನ ಅವನಿಗೆ ತರಗತಿ ಇರುತ್ತಿರಲಿಲ್ಲ. ಇನ್ನೊಬ್ಬಳ ಮನೆಯಲ್ಲಿದ್ದ ಒಂದೇ ಸ್ಮಾರ್ಟ್‌ಫೋನ್ ಅಣ್ಣನ ಜೇಬಿನಲ್ಲಿ ಹೊಲಕ್ಕೆ ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಮರಳುತ್ತಿತ್ತು. ಹತ್ತಿ ಬಿಡಿಸುವ ದಿನಗಳಲ್ಲಿ ಅವಳೂ ಹೊಲಕ್ಕೆ ಹೋಗುತ್ತಿದ್ದಳು.

ಕೆಲವು ವಾರಗಳ ನಂತರ ನಾನು ಪಾಠವನ್ನು ಆರೇಳು ನಿಮಿಷದ ಧ್ವನಿ ಸಂದೇಶಗಳಾಗಿ ಒಡೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕತೊಡಗಿದೆ. ಹಗಲಿನಲ್ಲಿ ಅವನ್ನು ಕೇಳುವವರು ಬೆರಳೆಣಿಕೆಯಷ್ಟು. ರಾತ್ರಿ ಎಂಟರ ನಂತರ ಒಬ್ಬೊಬ್ಬರಾಗಿ ಕೇಳುತ್ತಿದ್ದರು, ಹತ್ತು ಗಂಟೆಯ ಮೇಲೆ ಕೆಲವರಿಂದ ಸಂಶಯಗಳು ಬರುತ್ತಿದ್ದವು. ಗುಂಪಿನಲ್ಲಿ ಎಲ್ಲರೆದುರು ಕೇಳಲು ಸಂಕೋಚಪಡುತ್ತಿದ್ದ ಹುಡುಗಿಯರು ನನಗೆ ಪ್ರತ್ಯೇಕವಾಗಿ, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕೇಳುತ್ತಿದ್ದರು. ಕಾಲೇಜಿಗೆ ಸಲ್ಲಿಸಬೇಕಾದ ಹಾಜರಿಯಲ್ಲಿ ಇವರೆಲ್ಲ ಗೈರಾಗಿದ್ದರು, ಏಕೆಂದರೆ ಹಾಜರಿ ಎಂದರೆ ಬೆಳಿಗ್ಗೆ ಹತ್ತಕ್ಕೆ ಪರದೆಯ ಮೇಲೆ ಹೆಸರು ಕಾಣುವುದು ಎಂದಾಗಿತ್ತು. ಅವರು ಕಲಿಯುತ್ತಿದ್ದರು ಎಂಬುದಕ್ಕೆ ನನ್ನ ಫೋನಿನ ಹೊರತು ಬೇರೆಲ್ಲಿಯೂ ಪುರಾವೆ ಇರಲಿಲ್ಲ.

ಅದೇ ಮಾರ್ಚ್‌ನಲ್ಲಿ ಅಮೆರಿಕದ ಕೆಲವು ಸಂಶೋಧಕರು, ತುರ್ತು ಸಂದರ್ಭದಲ್ಲಿ ಹೇಗೋ ನಡೆಸುವ ದೂರಬೋಧನೆಯನ್ನೂ ತಿಂಗಳುಗಟ್ಟಲೆ ಯೋಜಿಸಿ ರೂಪಿಸುವ ಆನ್‌ಲೈನ್ ಶಿಕ್ಷಣವನ್ನೂ ಒಂದೇ ಎಂದು ತಿಳಿಯಬೇಡಿ ಎಂದು ಬರೆದರು. ಈ ಭೇದವನ್ನು ಮರೆತದ್ದರಿಂದ ನಮ್ಮಲ್ಲಿ ಅನೇಕರು ಆನ್‌ಲೈನ್ ಕಲಿಕೆಯೇ ವ್ಯರ್ಥವೆಂದು ತೀರ್ಮಾನಿಸಿದರು. ಇನ್ನೊಂದು ತೊಡಕು ಇದಕ್ಕಿಂತ ಆಳವಾದದ್ದು. ಆ ಎರಡು ವರ್ಷಗಳಲ್ಲಿ ಅಧ್ಯಾಪಕರೂ ಸಂಶೋಧನಾ ವಿದ್ಯಾರ್ಥಿಗಳೂ ಗೂಗಲ್ ಫಾರ್ಮ್ ಕಳಿಸಿ ಸಮೀಕ್ಷೆ ಮಾಡುವುದು ರೂಢಿಯಾಯಿತು. ಲಾಕ್‌ಡೌನ್‌ನಲ್ಲಿ ಬೇರೆ ದಾರಿಯೂ ಇರಲಿಲ್ಲ. ಆದರೆ ಫಾರ್ಮ್ ತೆರೆಯಲು ಇಂಟರ್ನೆಟ್ ಬೇಕು, ತುಂಬಲು ಪುರುಸೊತ್ತು ಬೇಕು, ಪ್ರಶ್ನೆ ಇಂಗ್ಲಿಷಿನಲ್ಲಿದ್ದರೆ ಧೈರ್ಯವೂ ಬೇಕು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಮನೆಗಳಲ್ಲಿ ಇಂಟರ್ನೆಟ್ ಸೌಲಭ್ಯವಿದ್ದದ್ದು ಶೇ 15ರಷ್ಟಕ್ಕೆ, ನಗರಗಳಲ್ಲಿ ಶೇ 42ಕ್ಕೆ. ಆನ್‌ಲೈನ್ ಪಾಠ ತಲುಪದಿದ್ದವರಿಗೆ ಅದು ಹೇಗಿತ್ತೆಂದು ಕೇಳುವ ಫಾರ್ಮ್ ಕೂಡ ತಲುಪಲಿಲ್ಲ. ಹೀಗೆ ಬಂದ ಉತ್ತರಗಳಿಂದ ಮತ್ತೊಂದು ಸರಾಸರಿ ಸಿದ್ಧವಾಯಿತು.

ಆಮೇಲೆ ಕ್ರಮಗಳು ಬೇಗಬೇಗನೆ ಬಂದವು. 2021ರಲ್ಲಿ ಪಾಠದ ಸಾಮಗ್ರಿಯನ್ನು ಆನ್‌ಲೈನ್‌ನಲ್ಲಿ ಒದಗಿಸುವ ರಾಜ್ಯದ ಕಲಿಕಾ ನಿರ್ವಹಣಾ ವ್ಯವಸ್ಥೆ ಆರಂಭವಾಯಿತು, ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಿಕೆಯಾಯಿತು, ಹೊಸ ಶಿಕ್ಷಣ ನೀತಿಯ ಪಠ್ಯದಲ್ಲಿ ಡಿಜಿಟಲ್ ನೈಪುಣ್ಯದ ಪತ್ರಿಕೆ ಸೇರಿತು. 2024ರಲ್ಲಿ ರಾಜ್ಯ ಆ ನೀತಿಯ ನಾಲ್ಕು ವರ್ಷದ ಪದವಿ ಕ್ರಮವನ್ನು ಬಿಟ್ಟು ಮತ್ತೆ ಮೂರು ವರ್ಷದ ಕ್ರಮಕ್ಕೆ ಮರಳಿತು. ಪ್ರತಿ ಸಲವೂ ಕೊಟ್ಟದ್ದೆಷ್ಟು ಎಂಬ ಲೆಕ್ಕ ಸಿಕ್ಕಿದೆ, ಕಲಿತದ್ದೆಷ್ಟು ಎಂಬುದನ್ನು ಅಳೆಯುವ ಮೊದಲೇ ಮುಂದಿನ ಬದಲಾವಣೆ ಬಂದಿದೆ.

ಈಗ ಕೃತಕ ಬುದ್ಧಿಮತ್ತೆಯ ಸರದಿ. ಟರ್ಕಿಯಲ್ಲಿ ಸುಮಾರು 1,000 ಪ್ರೌಢಶಾಲಾ ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗವೊಂದರಲ್ಲಿ, ಚಾಟ್‌ಬಾಟ್ ಬಳಸಿ ಗಣಿತ ಅಭ್ಯಾಸ ಮಾಡಿದವರ ಅಂಕ ಅಭ್ಯಾಸದ ವೇಳೆ ಏರಿತು, ಅದನ್ನು ಹಿಂತೆಗೆದುಕೊಂಡು ಪರೀಕ್ಷೆ ಕೊಟ್ಟಾಗ ಮೊದಲಿನಿಂದಲೂ ಬಳಸದವರಿಗಿಂತ ಶೇ 17ರಷ್ಟು ಕಡಿಮೆ ಬಂತು. ಉತ್ತರದ ಬದಲು ಸುಳಿವು ಕೊಡುವಂತೆ ಶಿಕ್ಷಕರ ನೆರವಿನಿಂದ ರೂಪಿಸಿದ ಆವೃತ್ತಿಯಲ್ಲಿ ಈ ನಷ್ಟ ಬಹುಮಟ್ಟಿಗೆ ತಪ್ಪಿತು. ಅದು ಶಾಲೆಯ ಪ್ರಯೋಗ, ಕಾಲೇಜಿನದಲ್ಲ, ಆದರೂ ಶಿಗ್ಗಾಂವಿಯಲ್ಲೋ ರೋಣದಲ್ಲೋ ಮೊಬೈಲ್‌ನಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯುವ ವಿದ್ಯಾರ್ಥಿಗೆ ಯಾವ ಬಗೆಯ ಉತ್ತರ ಸಿಗುತ್ತಿದೆ ಎಂದು ನೋಡುವ ಕೆಲಸವನ್ನು ಇಲ್ಲಿಯವರೇ ಮಾಡಬೇಕು.

ಅದಕ್ಕೆ ಮೊದಲು ಹಿಂದಿನದೊಂದು ಕೆಲಸ ಬಾಕಿಯಿದೆ. 2020ರಲ್ಲಿ ಪದವಿಗೆ ಸೇರಿದವರು ಈಗ ಬಿ.ಇಡಿ ಮುಗಿಸಿದ್ದಾರೆ, ಹುಬ್ಬಳ್ಳಿಯ ಅಂಗಡಿಗಳಲ್ಲಿ ಲೆಕ್ಕ ಬರೆಯುತ್ತಿದ್ದಾರೆ, ಧಾರವಾಡದ ಬಾಡಿಗೆ ಕೋಣೆಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾರೆ, ಕೆಲವರು ನಡುವೆಯೇ ಓದು ಬಿಟ್ಟು ಹೊಲಕ್ಕೆ ಮರಳಿದ್ದಾರೆ. ಅವರ ಎದುರು ಕುಳಿತು ಕನ್ನಡದಲ್ಲಿ ಕೇಳಿದರೆ, ಫಾರ್ಮ್‌ಗೆ ಸಿಗದೇ ಹೋದ ಉತ್ತರ ಇಂದಿಗೂ ಸಿಗುತ್ತದೆ. ಹೊಲದಿಂದ ಫೋನ್ ಮರಳುವವರೆಗೆ ಕಾಯುತ್ತಿದ್ದ ವಿದ್ಯಾರ್ಥಿನಿಯನ್ನು ಕಳೆದ ವರ್ಷ ಮಾತನಾಡಿಸಿದೆ. “ಪಾಠ ತಿಳೀತಿತ್ರಿ ಸರ, ತಿಳೀಲಿಲ್ಲಂದ್ರ ಬೆಳತನಕ ಕಾಯಬೇಕಿತ್ತು, ಅಷ್ಟರಾಗ ಫೋನು ಮತ್ತ ಹೊಲಕ್ಕ ಹೋಗತಿತ್ತು” ಎಂದಳು. ಆ ವಾಟ್ಸ್‌ಆ್ಯಪ್ ಗುಂಪನ್ನು ನಾನು ಇನ್ನೂ ಅಳಿಸಿಲ್ಲ, ಅವರೆಲ್ಲರ ನಂಬರುಗಳು ಅದರಲ್ಲಿವೆ.