ಬೀದಿಯಲ್ಲಿ ಗಲೀಜು ನೀರು ನಿಂತರೆ ಯಾರನ್ನು ಕೇಳಬೇಕು?

ಪ್ರಶ್ನೆ: ನಮ್ಮದು ಬೆಂಗಳೂರಿನ ಹನುಮಂತನಗರ. ಮಳೆ ಬಂದಾಗಲೆಲ್ಲ ಬೀದಿ ತುಂಬ ಗಲೀಜು ನೀರು. ಮೊದಲಾದರೆ ಕಾರ್ಪೊರೇಟರ್ ಮನೆಗೆ ಹೋಗಿ ಹೇಳುತ್ತಿದ್ದೆವು. ಈಗ ಬಿಬಿಎಂಪಿಯೇ ಇಲ್ಲ, ಐದು ಪಾಲಿಕೆ ಆಗಿದೆ ಅಂತಾರೆ. ಪಾಲಿಕೆಯವರು ಜಲಮಂಡಳಿ ಕಡೆ ಕೈ ತೋರಿಸುತ್ತಾರೆ, ಜಲಮಂಡಳಿಯವರು ಪಾಲಿಕೆ ಕಡೆ. ದೂರು ಯಾರಿಗೆ ಕೊಡಬೇಕು?

ಉತ್ತರ: ಮೊದಲು, ನಿಂತಿರುವುದು ಯಾವ ನೀರು ಎಂದು ನೋಡಿಕೊಳ್ಳಿ. ನಿಮ್ಮನ್ನು ಆ ಕಚೇರಿಯಿಂದ ಈ ಕಚೇರಿಗೆ ಅಲೆಸುವುದು ನಿಲ್ಲಬೇಕಾದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ರಸ್ತೆ ಪಕ್ಕದಲ್ಲಿ ಚಪ್ಪಡಿ ಮುಚ್ಚಿರುವ ಮೋರಿ ಇರುವುದು ಮಳೆನೀರಿಗೆ. ಅದು ಪಾಲಿಕೆಯದು. ಅದು ಹೋಗಿ ಸೇರುವ ರಾಜಕಾಲುವೆಯೂ ಪಾಲಿಕೆಯದೇ. ರಸ್ತೆಯಲ್ಲಿ ಮುಚ್ಚಳ ಹಾಕಿರುವ ಮ್ಯಾನ್‌ಹೋಲ್ ಸಾಮಾನ್ಯವಾಗಿ ಒಳಚರಂಡಿಯದು, ಅಂದರೆ ಜಲಮಂಡಳಿಯದು. ಮಳೆ ನಿಂತ ಮೇಲೆ ಬೀದಿಗಿಳಿದು ನೋಡಿ. ಮ್ಯಾನ್‌ಹೋಲ್ ಮುಚ್ಚಳದ ಅಂಚಿನಿಂದ ನೀರು ಉಕ್ಕುತ್ತಿದೆಯೇ, ಕಕ್ಕಸಿನ ವಾಸನೆ, ಸೋಪಿನ ನೊರೆ ಇದೆಯೇ? ಹಾಗಿದ್ದರೆ ಒಳಚರಂಡಿ ಕಟ್ಟಿಕೊಂಡಿದೆ. ಮುಚ್ಚಳದಿಂದ ಏನೂ ಬರುತ್ತಿಲ್ಲ, ಮೋರಿ ಬಾಯಲ್ಲಿ ಹೂಳು, ಪ್ಲಾಸ್ಟಿಕ್ ಕವರ್ ಸಿಕ್ಕಿಕೊಂಡು ನೀರು ಹಿಂದಕ್ಕೆ ನಿಂತಿದ್ದರೆ ಅದು ಪಾಲಿಕೆಯ ಕೆಲಸ. ಎರಡರದ್ದೂ ವಿಡಿಯೊ ಮಾಡಿಟ್ಟುಕೊಳ್ಳಿ.

ಮಳೆ ಬಂದಾಗ ಮಾತ್ರ ಮ್ಯಾನ್‌ಹೋಲ್ ಉಕ್ಕುತ್ತದೆ ಎಂದರೆ ಇನ್ನೊಂದು ಕಾರಣವನ್ನೂ ಹುಡುಕಬೇಕು. ತಾರಸಿ ನೀರಿನ ಪೈಪನ್ನು ಒಳಚರಂಡಿಗೆ ಸೇರಿಸಿರುವ ಮನೆಗಳು ಈ ಊರಿನಲ್ಲಿ ಕಡಿಮೆಯೇನಿಲ್ಲ. ಮನೆಬಳಕೆಯ ನೀರಿಗೆಂದು ಹಾಕಿದ ಕೊಳವೆಗೆ ಬೀದಿಯ ತಾರಸಿಗಳ ನೀರೆಲ್ಲ ಒಟ್ಟಿಗೆ ಇಳಿದರೆ ಅದು ತಡೆಯುವುದಿಲ್ಲ. ತಗ್ಗಿನಲ್ಲಿರುವವರ ಬಚ್ಚಲಿನಲ್ಲೇ ಉಕ್ಕುತ್ತದೆ. ನಿಮ್ಮ ಬೀದಿಯಲ್ಲೂ ಹೀಗಿದ್ದರೆ ನೆರೆಯವರ ಜೊತೆ ಕೂತು ಮಾತಾಡಲೇಬೇಕು. ಯಂತ್ರ ಬಂದು ಎಷ್ಟು ಸಲ ತೆಗೆದರೂ ಮುಂದಿನ ಮಳೆಗೆ ಅದೇ ಕಥೆ.

ಒಳಚರಂಡಿಯಾದರೆ ಜಲಮಂಡಳಿಯ 1916ಕ್ಕೆ ಕರೆ ಮಾಡಿ. ನೀರಿನ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಕೈಲಿರಲಿ. ಯಾರೂ ಬರಲಿಲ್ಲವೆಂದು ಬೇಸತ್ತು, ನಾಲ್ಕು ಮನೆಯವರು ದುಡ್ಡು ಹಾಕಿ ಯಾರನ್ನೋ ಕರೆದು ಮ್ಯಾನ್‌ಹೋಲ್ ಒಳಗೆ ಇಳಿಸುವ ಯೋಚನೆ ಮಾತ್ರ ದಯವಿಟ್ಟು ಬೇಡ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅದು ಅಪರಾಧ. ಒಳಗಿನ ವಿಷಗಾಳಿಗೆ ಮನುಷ್ಯ ಕ್ಷಣದಲ್ಲಿ ಸಾಯುತ್ತಾನೆ. ರಭಸವಾಗಿ ನೀರು ಹಾಯಿಸಿ ಕಟ್ಟಿಕೊಂಡದ್ದನ್ನು ಬಿಡಿಸುವ ಜೆಟ್ಟಿಂಗ್ ಯಂತ್ರ ಬರುವವರೆಗೆ ಕಾಯಲೇಬೇಕು.

ಮೋರಿಯಾದರೆ ಪಾಲಿಕೆಯ ಸಹಾಯವಾಣಿ 1533. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಜಾಗದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳಿವೆ. ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಯಾವ ಪಾಲಿಕೆ ಎಂದು ದಿಕ್ಕು ನೋಡಿ ಊಹಿಸಬೇಡಿ. ಬೆಂಗಳೂರು ದಕ್ಷಿಣ ಎಂದೇ ನಾವೆಲ್ಲ ಹೇಳಿಕೊಂಡು ಬಂದ ಬಸವನಗುಡಿ ಕ್ಷೇತ್ರ ಈಗ ಪಶ್ಚಿಮ ಪಾಲಿಕೆಯಲ್ಲಿದೆ, ನಿಮ್ಮ ಹನುಮಂತನಗರವೂ ಅದರೊಳಗೇ. ವಾರ್ಡುಗಳ ಗಡಿಯೂ ಬದಲಾಗಿದೆ, ಹಳೆಯ ವಾರ್ಡ್ ನಂಬರ್ ಬರೆದು ಅರ್ಜಿ ಕೊಡಬೇಡಿ.

ಫೋನಿನಲ್ಲಿ ಹೇಳಿದ್ದಕ್ಕೆ ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಕೆಲಸವೇ ಆಗದೆ ‘ಪರಿಹರಿಸಲಾಗಿದೆ’ ಎಂಬ ಮೆಸೇಜ್ ಬಂದರೆ, ಅವತ್ತಿನ ಫೋಟೊ ತೆಗೆದು, ಹಳೆಯ ಸಂಖ್ಯೆ ನಮೂದಿಸಿ, ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಕಚೇರಿಗೆ ಕಾಗದದಲ್ಲೇ ಅರ್ಜಿ ಕೊಡಿ. ಬೀದಿಯವರೆಲ್ಲರ ಸಹಿ ಇರಲಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. ಮೊಹರಿಲ್ಲದ ಅರ್ಜಿ ‘ಬಂದೇ ಇಲ್ಲ’ ಎಂದರೆ ಮುಗಿಯಿತು.

ಅದಕ್ಕೂ ಜಗ್ಗದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ‘ಯಾಕೆ ಮಾಡಿಲ್ಲ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಈ ರಸ್ತೆಯ ಮೋರಿ ಹೂಳೆತ್ತಲು ಕೊಟ್ಟ ಕಾರ್ಯಾದೇಶ, ಪಾವತಿಯಾದ ಬಿಲ್ಲು, ಮಾಡಿದ ಕೆಲಸದ ಲೆಕ್ಕ ಬರೆದಿಡುವ ಅಳತೆ ಪುಸ್ತಕದ ಪ್ರತಿ ಕೊಡಿ ಎಂದು ಕೇಳಿ. ಹೂಳೇ ಎತ್ತದ ಮೋರಿಗೆ ಬಿಲ್ಲಾಗಿದ್ದರೆ ಅದು ಅಲ್ಲೇ ಗೊತ್ತಾಗುತ್ತದೆ.

ಇನ್ನು ಕಾರ್ಪೊರೇಟರ್ ವಿಚಾರ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು, ಆಮೇಲೆ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಅವಧಿ ಮುಗಿಯುವುದರೊಳಗೆ ಚುನಾವಣೆ ಆಗಬೇಕೆಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. ಇಷ್ಟು ವರ್ಷ ಅದನ್ನು ಬದಿಗಿಟ್ಟದ್ದು ಈ ಊರಿನ ಜನಕ್ಕೆ ಮಾಡಿದ ಅನ್ಯಾಯ ಎಂದೇ ನಾನು ಹೇಳುತ್ತೇನೆ. ಐದು ಪಾಲಿಕೆಗಳಿಗೆ ಸೇರಿ 369 ವಾರ್ಡುಗಳಾಗಿವೆ, ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಸರಿಯಾದ ವಾರ್ಡಿನಲ್ಲಿದೆಯೇ ನೋಡಿಕೊಳ್ಳಿ. ಸದಸ್ಯರು ಆಯ್ಕೆಯಾಗಿ ಬರುವವರೆಗೆ, ಆ ಮೊಹರು ಬಿದ್ದ ಅರ್ಜಿಯ ಒಂದು ಜೆರಾಕ್ಸ್ ಶಾಸಕರ ಕಚೇರಿಗೂ ಕೊಡಿ.